ಗುಳುಮುಳುಕದ ಬೆನ್ನೇರಿದ ಮರಿಗಳು

ನನಗೆ ಜಂಬ ಜಾಸ್ತಿ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಎಪ್ಪತ್ತರ ದಶಕದ ಕೊನೆಯಲ್ಲಿ, ಮುಳಬಾಗಿಲಿನಂಥ ಊರಿನಲ್ಲಿ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಕೆರೆ ಏರಿಯ ಮೇಲೆ ಹಾಡಹಗಲೇ ನಡೆದು ಹೋಗುತ್ತಿದ್ದ ಹೆಂಗಸು ನಾನೊಬ್ಬಳೇ. ಇನ್ನೊಬ್ಬಳಿದ್ದರೆ ಬಂದು ಹೇಳಲಿ, ಕೂರಿಸಿ ಕಾಫಿ ಕೊಟ್ಟು ಕಳಿಸುತ್ತೇನೆ.

ನಾನು ಹುಟ್ಟಿದ್ದು ಮಾಲೂರು ತಾಲ್ಲೂಕಿನ ಮಾಸ್ತಿಯ ಕಡೆ. ಮದುವೆಯಾಗಿ ಬಂದದ್ದು ಮುಳಬಾಗಿಲಿನ ಹಳೇ ಶಾನುಭೋಗರ ಮನೆಗೆ. ಮನೆಯಲ್ಲಿ ನಾವಿದ್ದದ್ದು ಮೂರೇ ಜನ. ದಿನಾ ಬಸ್ಸಿನಲ್ಲಿ ಕೋಲಾರದ ಕಚೇರಿಗೆ ಹೋಗಿಬರುತ್ತಿದ್ದ ನನ್ನ ಗಂಡ, ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು, ಮತ್ತು ನಮ್ಮತ್ತೆ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆಯ ಮಡಿ ಎಂದರೆ ಬೀದಿಗೆಲ್ಲ ಗೊತ್ತಿದ್ದ ಮಡಿ. ಬೆಳಿಗ್ಗೆ ಸ್ನಾನ ಮಾಡಿ ಒಣಗಿದ ಸೀರೆ ಉಟ್ಟರೆಂದರೆ ಊಟ ಮುಗಿಯುವ ತನಕ ಅವರ ನೆರಳನ್ನು ದಾಟುವುದಕ್ಕೂ ನಾವು ಹಿಂದೆ ಮುಂದೆ ನೋಡಬೇಕಿತ್ತು.

ಕ್ಯಾಮೆರಾ ಕೊಟ್ಟವನು ಮಿಲಿಟರಿಯಲ್ಲಿದ್ದ ನನ್ನಣ್ಣ. ಮೇಲೊಂದು ಕೆಳಗೊಂದು ಎರಡು ಗಾಜಿನ ಕಣ್ಣಿದ್ದ ಚೌಕದ ಡಬ್ಬ ಅದು. ಅದನ್ನು ಮುಖಕ್ಕೆ ಹಿಡಿಯುವ ಹಾಗಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆಗೆದು, ತಲೆ ಬಗ್ಗಿಸಿ ಒಳಗೆ ನೋಡಬೇಕು. ಅಲ್ಲೊಂದು ಗಾಜಿನ ಮೇಲೆ ಎದುರಿನ ಲೋಕವೆಲ್ಲ ಕಾಣುತ್ತದೆ, ಆದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹಕ್ಕಿ ಬಲಕ್ಕೆ ಹೋದರೆ ಗಾಜಿನಲ್ಲಿ ಅದು ಎಡಕ್ಕೆ ಹೋಗುತ್ತದೆ, ನಾವು ಡಬ್ಬವನ್ನು ತಪ್ಪು ಕಡೆ ತಿರುಗಿಸಿ ಬರೀ ನೀರಿನ ಫೋಟೋ ತೆಗೆದುಕೊಂಡು ಮನೆಗೆ ಬರುತ್ತೇವೆ. ಮೊದಲ ಆರು ತಿಂಗಳು ನಾನು ತೆಗೆದದ್ದೆಲ್ಲ ನೀರೇ. ಒಂದು ರೋಲಿಗೆ ಹನ್ನೆರಡು ಫೋಟೋ, ಅಷ್ಟೇ. ರೋಲು ಮುಗಿದರೆ ಬೆಂಗಳೂರಿನಿಂದ ಅಣ್ಣ ಕಳಿಸುವ ತನಕ ಕಾಯಬೇಕು.

ಊರ ಕೆರೆಯ ದಂಡೆಯಲ್ಲಿ ಪುರಸಭೆಯವರು ಆಗ ತಾನೇ ಒಂದು ಪಾರ್ಕು ಮಾಡಿದ್ದರು. ಪಾರ್ಕೆಂದರೆ ಆರು ಕಲ್ಲು ಬೆಂಚು, ಒಂದು ಜಾರುಬಂಡೆ, ಕಣಗಿಲೆಯ ಸಾಲು, ನೀರಿಗಿಳಿಯುವ ಹತ್ತು ಮೆಟ್ಟಿಲು, ಮಧ್ಯೆ ಒಂದು ಸಿಮೆಂಟಿನ ಕೊಕ್ಕರೆ. ನಿಜವಾದ ಕೊಕ್ಕರೆಗಳು ಬಂದು ಅದರ ತಲೆಯ ಮೇಲೆ ಕೂತು ಹಿಕ್ಕೆ ಹಾಕಿ ಹೋಗುತ್ತಿದ್ದವು. ಭಾನುವಾರ ಬಂತೆಂದರೆ ಆ ಪಾರ್ಕಿಗೆ ಕಳೆ ಬರುತ್ತಿತ್ತು. ದರ್ಗಾ ಕಡೆಯ ಮನೆಗಳವರು ಚಾಪೆ ಹಾಸಿ, ಡಬ್ಬಿ ಬಿಚ್ಚಿ, ಮಕ್ಕಳೊಂದಿಗೆ ಸಂಜೆಯ ತನಕ ಇರುತ್ತಿದ್ದರು. ಕಾಲೇಜಿನ ಹುಡುಗಿಯರು ನೆಟ್ಟೇ ಇಲ್ಲದೆ ಶಟಲ್ ಆಡುತ್ತಿದ್ದರು. ರಿಟೈರಾದವರು ಏರಿಯ ಮೇಲೆ ಕೋಲು ಕುಟ್ಟುತ್ತ ಆ ತುದಿಗೂ ಈ ತುದಿಗೂ ನಡೆದು, ಕಡಲೆಕಾಯಿ ಸುಲಿಯುತ್ತ ಸರ್ಕಾರವನ್ನು ಬೈಯುತ್ತಿದ್ದರು. ನಮ್ಮ ಬೀದಿಯ ಹೆಂಗಸರು ಮಾತ್ರ ಬರುತ್ತಿರಲಿಲ್ಲ. ಗಾಳಿ ಬೇಕಾದರೆ ಹಿತ್ತಿಲಿಲ್ಲವೇ ಎನ್ನುವ ಪೈಕಿ ಅವರು.

ನಮ್ಮತ್ತೆ ಬರುತ್ತಿದ್ದರು. ಪಾರ್ಕಿಗಲ್ಲ, ಪಾರ್ಕಿನ ಪಕ್ಕದ ಅಶ್ವತ್ಥಕಟ್ಟೆಗೆ. ಅಲ್ಲಿ ಪ್ರದಕ್ಷಿಣೆ ಹಾಕುವುದು ಅವರ ವ್ರತ. ಪ್ರದಕ್ಷಿಣೆ ಮುಗಿದರೂ ಅವರಿಗೆ ಮನೆಗೆ ಹೋಗುವ ಅವಸರ ಇರುತ್ತಿರಲಿಲ್ಲ. 'ಕಾಲು ನೋಯ್ತದೆ, ಒಂದು ಗಳಿಗೆ ಕೂತಿರ್ತೀನಿ' ಎಂದು ನೀರಿನ ಕಡೆಗಿದ್ದ ಬೆಂಚಿನ ಮೇಲೆ ಸೆರಗು ಹೊದ್ದು ಕೂತರೆ ಗಂಟೆಗಟ್ಟಲೆ ಅಲುಗುತ್ತಿರಲಿಲ್ಲ. ಹೀಗೆ ಭಾನುವಾರಗಳಂದು ಆ ಬೆಂಚಿನಲ್ಲಿ ಅವರು, ಎರಡು ಮಾರು ದೂರದಲ್ಲಿ ಡಬ್ಬದೊಳಗೆ ತಲೆ ಬಗ್ಗಿಸಿದ ನಾನು. ನೋಡಿದವರಿಗೆ ನಾವಿಬ್ಬರೂ ಧ್ಯಾನ ಮಾಡುತ್ತಿದ್ದೇವೆ ಎಂದೇ ಕಾಣಬೇಕು.

ಇನ್ನು ನನ್ನ ಸಿಟ್ಟಿನ ಕಥೆ ಹೇಳಬೇಕು. ಕೋಲಾರದಲ್ಲಿ ಫೋಟೋ ಹುಚ್ಚಿನ ನಾಲ್ಕೈದು ಜನ ಸೇರಿ, ವರ್ಷಕ್ಕೊಮ್ಮೆ ಶಿವರಾತ್ರಿಯ ಸುಮಾರಿಗೆ, ಒಂದು ಶಾಲೆಯ ಹಾಲಿನಲ್ಲಿ ಚಿತ್ರಪ್ರದರ್ಶನ ಇಡುತ್ತಿದ್ದರು. ಅದರ ಮುಖ್ಯಸ್ಥರು ರಿಟೈರಾದ ಒಬ್ಬ ಸರ್ವೆ ಅಧಿಕಾರಿ. ಕಪ್ಪೆ ಕಚ್ಚಿದ ಕೊಳದ ಬಕದ ಫೋಟೋವನ್ನು ನಾನು ಹೆಮ್ಮೆಯಿಂದ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿ, 'ಚೆನ್ನಾಗಿದೆಯಲ್ಲಮ್ಮ, ಯಜಮಾನರು ತೆಗೆದಿದ್ದಾ?' ಎಂದರು.

'ನಾನೇ ತೆಗೆದಿದ್ದು ಸಾರ್.'

'ಇರಲಮ್ಮ, ಅವರ ಹೆಸರಲ್ಲೇ ಕೊಡಿ. ಬೇರೆಯವರ ಫೋಟೋ ನಮ್ಮ ಹೆಸರಲ್ಲಿ ಹಾಕ್ಕೋಬಾರದು. ಅದು ನಮ್ಮ ನಿಯಮ' ಎಂದು ಮೃದುವಾಗಿ, ಮಗುವಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು. ಮಾರನೆಯ ದಿನ ಹೋಗಿ ನೋಡಿದರೆ ನನ್ನ ಬಕದ ಕೆಳಗೆ ನನ್ನ ಗಂಡನ ಹೆಸರು.

ನನ್ನ ಗಂಡನೋ, ಜೀವಮಾನದಲ್ಲಿ ಒಂದೇ ಒಂದು ಫೋಟೋ ತೆಗೆದವರು. ಅವರ ತಂಗಿಯ ಸೀಮಂತದ್ದು. ಅದರಲ್ಲಿ ಯಾರಿಗೂ ತಲೆಯಿಲ್ಲ, ಎಲ್ಲರಿಗೂ ಕಾಲಿದೆ. ಬಸ್ಸಿನಲ್ಲಿ ಬರುವಾಗ ಅವರು, 'ಬಕ ಚೆನ್ನಾಗಿ ತೆಗೆದಿದೀನಿ ಅಲ್ವೇನೇ?' ಎಂದು ನಕ್ಕರು. ನಾನು ಕೂಗಾಡಲಿಲ್ಲ, ಮುಳಬಾಗಿಲು ಬರುವ ತನಕ ಕಿಟಕಿಯ ಆಚೆ ನೋಡಿದೆ, ಅಷ್ಟೇ. ಮನೆಗೆ ಬಂದು ಅತ್ತೆಯ ಮುಂದೆ ನಿಂತು ಹೇಳಿದೆ. ಬರುವ ವರ್ಷ ಅದೇ ಹಾಲಿನಲ್ಲಿ, ನಾನೇ ತೆಗೆದ ಫೋಟೋದ ಕೆಳಗೆ, ನನ್ನದೇ ಹೆಸರು ಇರಬೇಕು. ಆ ಮನುಷ್ಯನೇ ತನ್ನ ಬಾಯಿಂದ ಅದನ್ನು ಓದಬೇಕು. ಇಲ್ಲದಿದ್ದರೆ ಈ ಡಬ್ಬ ಮುಟ್ಟುವುದಿಲ್ಲ.

ಅತ್ತೆ ಕಾಯಿ ತುರಿಯುತ್ತಿದ್ದವರು ತಲೆ ಎತ್ತಲಿಲ್ಲ. 'ಆಗ್ಲಿ ಕಣೇ. ಏನು ತೆಗೀತೀಯಾ ಅದನ್ನ ಮೊದಲು ನೋಡು' ಎಂದರು.

ಏನು ತೆಗೆಯಬೇಕೆಂದು ತೋರಿಸಿದವರೂ ಅವರೇ. ಪಾರ್ಕಿನ ಮೆಟ್ಟಿಲ ಪಕ್ಕದಲ್ಲೇ ಜೊಂಡು ಬೆಳೆದಿತ್ತು. ಅಲ್ಲೊಂದು ಗುಳುಮುಳುಕದ ಜೋಡಿ. ಮುಷ್ಟಿ ಗಾತ್ರದ ಕಂದು ಹಕ್ಕಿ, ಬಾಲವೇ ಇಲ್ಲ, ಈಗ ಇಲ್ಲಿ ಮುಳುಗಿದರೆ ಇನ್ನೆಲ್ಲೋ ಏಳುತ್ತದೆ. ಬಟ್ಟೆ ಒಗೆಯುವವರನ್ನು, ಈಜುವ ಮಕ್ಕಳನ್ನು ನೋಡಿ ನೋಡಿ ಆ ಜೋಡಿಗೆ ಮನುಷ್ಯರ ಭಯವೇ ಹೊರಟುಹೋಗಿತ್ತು. ನೀರಿನ ಮೇಲೆ ತೇಲುವ ಪಾಚಿಯ ಗೂಡು ಅದರದು. ಮರಿಗಳು ಮೊಟ್ಟೆಯೊಡೆದು ಬಂದ ದಿನವೇ ತಾಯಿಯ ಬೆನ್ನು ಹತ್ತಿ ರೆಕ್ಕೆಯ ಒಳಗೆ ಸೇರಿಕೊಳ್ಳುತ್ತವೆ, ತಲೆ ಮಾತ್ರ ಹೊರಗೆ. ವಾರ, ಹತ್ತು ದಿನ ಅಷ್ಟೇ ಆ ಸವಾರಿ. ಆಮೇಲೆ ತಾಯಿಯೇ ಒದರಿ ಕೆಳಗೆ ಹಾಕಿಬಿಡುತ್ತದೆ.

'ನೋಡೇ ಇಲ್ಲಿ, ಮಕ್ಕಳನ್ನ ಬೆನ್ನಿಗೆ ಕಟ್ಟಿಕೊಂಡು ಹೊರಟಿದಾಳೆ' ಎಂದು ಅತ್ತೆ ತೋರಿಸಿದ ದಿನ ಕಾರ್ತಿಕದ ಒಂದು ಶನಿವಾರ. ಇದ್ದ ಒಂದು ರೋಲನ್ನು ಪೂರ್ತಿ ಆ ಹಕ್ಕಿಗೇ ಸುರಿದೆ. ಮೊಣಕಾಲ ತನಕ ನೀರಿನಲ್ಲಿ ಇಳಿದು, ಸೀರೆ ನೆನೆಸಿಕೊಂಡು, ಹನ್ನೆರಡೂ ತೆಗೆದೆ. ತೆಗೆಯುವಾಗಲೇ ಗೊತ್ತಾಗಿತ್ತು, ಇದು ನನ್ನ ಫೋಟೋ, ಇದನ್ನು ಇನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು.

ಫಿಲ್ಮು ತೊಳೆಯುವುದನ್ನು ನಾನು ಶ್ರೀನಿವಾಸಪುರದ ಒಬ್ಬ ಸ್ಟುಡಿಯೋದವರ ಹತ್ತಿರ ಕಲಿತಿದ್ದೆ. ಮನೆಯಲ್ಲೇ ತೊಳೆಯುತ್ತಿದ್ದೆ. ಕಿಟಕಿ ಇಲ್ಲದ ಕೋಣೆ ನಮ್ಮ ಮನೆಯಲ್ಲಿ ಎರಡೇ, ದೇವರ ಮನೆ ಮತ್ತು ಉಗ್ರಾಣ. ದೇವರ ಮನೆಯ ಮಾತು ಎತ್ತಿದರೆ ಅತ್ತೆ ನನ್ನನ್ನೇ ತೊಳೆದುಬಿಡುತ್ತಿದ್ದರು, ಹಾಗಾಗಿ ಉಗ್ರಾಣ. ರಾಗಿ ಮೂಟೆಗಳ ನಡುವೆ, ಬಾಗಿಲ ಸಂದಿಗೆ ಕಂಬಳಿ ತುರುಕಿ, ಕಣ್ಣಿದ್ದೂ ಕುರುಡಿಯ ಹಾಗೆ, ಫಿಲ್ಮಿನ ಎರಡು ತುದಿ ಹಿಡಿದು ಔಷಧದ ಬೇಸಿನ್ನಿನಲ್ಲಿ ಮೇಲೆ ಕೆಳಗೆ ಆಡಿಸಬೇಕು. ಎಷ್ಟು ಹೊತ್ತು ಎನ್ನುವುದೇ ಗುಟ್ಟು. ಹೊತ್ತು ಕಡಿಮೆಯಾದರೆ ಚಿತ್ರ ಮೂಡುವುದಿಲ್ಲ, ಹೆಚ್ಚಾದರೆ ಕಪ್ಪಾಗಿ ಹೋಗುತ್ತದೆ. ಕತ್ತಲಲ್ಲಿ ಗಡಿಯಾರ ಕಾಣುವುದಿಲ್ಲ. ಮನೆಯಲ್ಲಿದ್ದ ಒಂದೇ ಕೈಗಡಿಯಾರ ದಿನಾ ಕೋಲಾರಕ್ಕೆ ಹೋಗುತ್ತಿತ್ತು. ಗೋಡೆಯ ಗಡಿಯಾರ ಗಂಟೆ ಹೊಡೆಯುವುದರಲ್ಲಿ ಜೋರು, ನಿಮಿಷದ ವಿಷಯದಲ್ಲಿ ಅದನ್ನು ನಂಬುವ ಹಾಗಿರಲಿಲ್ಲ.

ಅದಕ್ಕೆ ಅತ್ತೆಯೇ ನನ್ನ ಗಡಿಯಾರ. ಅವರು ಹೆಸರುಬೇಳೆ ಬೇಯಿಸುವುದಕ್ಕೂ, ಹಾಲು ಕಾಯಿಸುವುದಕ್ಕೂ ಗಡಿಯಾರ ನೋಡಿದವರಲ್ಲ. ದಿನವೂ ಹೇಳುವ ಸ್ತೋತ್ರದ ಇಷ್ಟು ಶ್ಲೋಕಕ್ಕೆ ಅನ್ನ ಆಯಿತು, ಇಷ್ಟಕ್ಕೆ ಸಾರು ಕುದಿಯಿತು ಎಂದು ಅವರ ಲೆಕ್ಕ. ಒಂದು ಭಾನುವಾರ ಗಂಡನ ಕೈಗಡಿಯಾರ ಹಿಡಿದು ಪರೀಕ್ಷೆ ಮಾಡಿದೆ. ಮೂರು ಸಲ ಹೇಳಿಸಿದರೂ ಎರಡು ಮೂರು ಸೆಕೆಂಡಿನ ವ್ಯತ್ಯಾಸ ಮಾತ್ರ. ವಿಜ್ಞಾನದ ಮೇಡಂ ಬೆರಗಾಗಿ ಹೋದಳು. ಅವತ್ತಿನಿಂದ, ಕೈಗಡಿಯಾರ ಮನೆಯಲ್ಲಿದ್ದ ಭಾನುವಾರವೂ, ನಾನು ಉಗ್ರಾಣದ ಒಳಗೆ, ಅತ್ತೆ ಹೊಸಿಲಿನ ಆಚೆ ಮಣೆ ಹಾಕಿಕೊಂಡು. ಅವರು ನಲವತ್ತನೆಯ ಶ್ಲೋಕ ಮುಗಿಸಿ, 'ಆಯ್ತು ಕಣೇ' ಎಂದರೆ ನಾನು ಫಿಲ್ಮು ಎತ್ತುವುದು. ಒಂದು ಸಲವೂ ತಪ್ಪಿರಲಿಲ್ಲ.

ಆ ಶನಿವಾರ ಏಕಾದಶಿ. ಅತ್ತೆಗೆ ಹನಿ ನೀರೂ ಇಲ್ಲದ ಉಪವಾಸ. ಮಾರನೆಯ ದಿನ ದ್ವಾದಶಿ, ಪಂಚಾಂಗದಲ್ಲಿ ಹೇಳಿದ ಹೊತ್ತು ಮೀರುವುದರೊಳಗೆ ಪಾರಣೆ ಆಗಬೇಕು, ಅಂದರೆ ಅಡುಗೆ ಮಾಡಿ, ದೇವರಿಗೆ ತೋರಿಸಿ, ಊಟ ಮುಗಿಸಬೇಕು. ನನಗೆ ಅದೆಲ್ಲ ತಲೆಯಲ್ಲಿ ಎಲ್ಲಿತ್ತು? ಬೆಳಿಗ್ಗೆ ಎದ್ದವಳೇ, 'ಅತ್ತೆ, ಬನ್ನಿ ಬನ್ನಿ, ಈಗಲೇ ತೊಳೀಬೇಕು' ಎಂದು ದುಂಬಾಲು ಬಿದ್ದೆ. ಅವರು ಒಲೆಯ ಕಡೆ ಒಮ್ಮೆ ನೋಡಿ ಬಂದು ಕೂತರು. ಬೇಡ ಎನ್ನುವುದು ಅವರ ಸ್ವಭಾವವಲ್ಲ, ಕೇಳುವುದು ನನ್ನ ಸ್ವಭಾವವಲ್ಲ.

ಒಲೆಯ ಮೇಲೆ ಹುಳಿ ಕುದಿಯುತ್ತಿದೆ, ಹೊತ್ತು ಮೀರುತ್ತಿದೆ, ಹಿಂದಿನ ದಿನದಿಂದ ಖಾಲಿ ಹೊಟ್ಟೆ. ಅತ್ತೆ ತಮಗೇ ಗೊತ್ತಿಲ್ಲದ ಹಾಗೆ ಸ್ತೋತ್ರವನ್ನು ಓಡಿಸಿಬಿಟ್ಟರು. ಕತ್ತಲಲ್ಲಿ ನನಗೂ ಏನೋ ಬೇಗ ಆಯಿತಲ್ಲ ಅನ್ನಿಸಿತು, ಆದರೆ ನನ್ನ ಗಡಿಯಾರದ ಮೇಲೆ ನನಗೆ ಅಷ್ಟು ನಂಬಿಕೆ. 'ಆಯ್ತು ಕಣೇ' ಎಂದರು, ಎತ್ತಿದೆ. ಮುಂದಿನ ಔಷಧದಲ್ಲಿ ಅದ್ದಿ ನಾನು ಹೊರಗೆ ಬರುವಷ್ಟರಲ್ಲಿ ಅವರು ಎಲೆ ಹಾಕಿಕೊಂಡು ಕೂತಾಗಿತ್ತು. ಬೆಳಕಿಗೆ ತಂದು ನೋಡಿದರೆ ಫಿಲ್ಮಿನ ಉದ್ದಕ್ಕೂ ತೆಳ್ಳನೆಯ ಹೊಗೆ. ಹಕ್ಕಿ ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ಶ್ರೀನಿವಾಸಪುರದ ಸ್ಟುಡಿಯೋದವರು ಅದನ್ನು ಬೆಳಕಿಗೆ ಹಿಡಿದು, 'ಇದರಲ್ಲಿ ಏನೂ ಬರಲ್ಲ ಮೇಡಂ' ಎಂದು ವಾಪಸು ಕೊಟ್ಟರು.

ಆದರೆ ಅದಕ್ಕೂ ಮೊದಲೇ, ಫಿಲ್ಮು ಕೈಯಲ್ಲಿ ಹಿಡಿದ ಕ್ಷಣದಲ್ಲೇ, ನಾನು ಆಡಬಾರದ್ದನ್ನು ಆಡಿಯಾಗಿತ್ತು. 'ದೇವರ ನಾಮಾನೂ ಎಕ್ಸ್‌ಪ್ರೆಸ್ ಬಸ್ ಥರ ಓಡಿಸ್ತೀರಲ್ಲ ಅತ್ತೆ. ಒಂದು ದಿನ ಊಟ ತಡ ಆದ್ರೆ ಸತ್ತುಹೋಗ್ತಿದ್ರಾ?' ಎಂದೆ. ಹಾಗೆಯೇ ಎಂದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಎಲೆಯ ಮುಂದೆ ಕೂತಿದ್ದ ಅತ್ತೆ ಕೈಗೆ ತೆಗೆದುಕೊಂಡ ತುತ್ತನ್ನು ಎಲೆಯ ಮೇಲೇ ಇಟ್ಟು ಎದ್ದರು. ದ್ವಾದಶಿಯ ಹೊತ್ತು ಮೀರಿತು. ಆ ದಿನ ಅವರು ಉಣ್ಣಲಿಲ್ಲ, ನಾನು ಕರೆಯಲೂ ಇಲ್ಲ.

ಹೊಸ ರೋಲು ಬರುವಷ್ಟರಲ್ಲಿ ಮರಿಗಳು ತಾವೇ ಮುಳುಗಲು ಕಲಿತಿದ್ದವು. ನನ್ನ ಹಟ ಅಲ್ಲಿಗೆ ನೀರು ಪಾಲು. ಎರಡು ವಾರ ನಾನು ಅತ್ತೆಯೊಂದಿಗೆ ಬೇಕಾದಷ್ಟೇ ಮಾತಾಡಿದೆ. ಅತ್ತೆ ಮಾತ್ರ ವಾರಕ್ಕೆ ಒಂದೆರಡು ಸಲ ಹೋಗುತ್ತಿದ್ದವರು ದಿನಾ ಬೆಳಿಗ್ಗೆ ಅಶ್ವತ್ಥಕಟ್ಟೆಗೆ ಹೊರಟರು. ಚಳಿಗಾಲ, ಅರವತ್ತು ದಾಟಿದ ಮಂಡಿ, ಆದರೂ ದಿನಾ. ಪಾಪ ಕಳೆಯಲು ಪ್ರದಕ್ಷಿಣೆ ಹಾಕುತ್ತಿದ್ದಾರೆ ಎಂದುಕೊಂಡಿದ್ದೆ.

ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಏದುಸಿರು ಬಿಡುತ್ತ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. 'ಇನ್ನೊಂದು ಗೂಡು ಕಟ್ಟಿದಾಳೆ ಕಣೇ. ಅದೇ ಜೊಂಡಿನಲ್ಲಿ. ನಾಲ್ಕು ಮೊಟ್ಟೆ.'

'ನಿಮಗೆ ಹೇಗೆ ಗೊತ್ತು?'

'ದಿನಾ ನೋಡ್ತಿದೀನಲ್ಲ. ಎದ್ದು ಹೋಗುವಾಗ ಮೊಟ್ಟೆ ಮೇಲೆ ಪಾಚಿ ಹೊದಿಸಿ ಹೋಗ್ತಾಳೆ, ನಾವು ಹಾಲಿನ ಪಾತ್ರೆ ಮುಚ್ಚೋ ಹಾಗೆ. ಇವತ್ತು ಮುಚ್ಚೋಕೆ ಮುಂಚೆ ಎಣಿಸಿಬಿಟ್ಟೆ.'

ಅವತ್ತು ಇಬ್ಬರೂ ಎದುರುಬದುರು ಕೂತು ಕಾಫಿ ಕುಡಿದೆವು. ತಪ್ಪಾಯಿತು ಎಂದು ನಾನು ಹೇಳಲಿಲ್ಲ, ಹೇಳುವುದು ಬೇಡ ಎನ್ನುವ ಹಾಗೆ ಅವರು ಇನ್ನಷ್ಟು ಕಾಫಿ ಬಗ್ಗಿಸಿದರು. ಆಮೇಲಿನ ಮೂರು ಭಾನುವಾರ ಇಬ್ಬರೂ ಒಂದೇ ಬೆಂಚಿನಲ್ಲಿ. ರೋಲು ಹಾಕಿದ ಕ್ಯಾಮೆರಾವನ್ನು ಚರ್ಮದ ಚೀಲದಿಂದ ನಾನು ತೆಗೆದು ಹಿಡಿದರೆ, ತೊಗಲು ತಾಕದ ಹಾಗೆ ಅವರು ಮೇಲಿನಿಂದ ಬಗ್ಗಿ ನೋಡುವರು. 'ಎಲ್ಲ ತಿರುಗಾಮುರುಗಾ ಇದೆಯಲ್ಲೇ' ಎಂದು ಮೊದಲ ದಿನ ನಕ್ಕರು. ಎರಡನೆಯ ಭಾನುವಾರ, 'ಈಗ ಸ್ವಲ್ಪ ಮಂಜಾಗಿದೆ, ಆ ಗುಂಡಿ ತಿರುಗಿಸು' ಎಂದು ನನಗೇ ಹೇಳಿಕೊಟ್ಟರು. ಮೂರನೆಯದರಲ್ಲಿ ಒತ್ತುವುದು ಎಲ್ಲಿ, ರೋಲು ಸುತ್ತುವುದು ಹೇಗೆ ಎಂದೂ ಕೇಳಿ ತಿಳಿದುಕೊಂಡರು. ಅಕ್ಕಿಯಲ್ಲಿ ನುಚ್ಚುಕಲ್ಲು ಆರಿಸಿದ ಕಣ್ಣು ಅದು, ಸುಳ್ಳು ಹೇಳುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಗುರುವಾರ ನಮ್ಮ ಶಾಲೆಗೆ ಇನ್‌ಸ್ಪೆಕ್ಷನ್. ಬೆಳಿಗ್ಗೆ ಎಂಟಕ್ಕೇ ಹೋಗಿ ಪ್ರಯೋಗಶಾಲೆಯ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದೆ. ಅದೇ ಹೊತ್ತಿಗೆ ಅತ್ತೆ ಕೆರೆಯ ಹತ್ತಿರ. ಎರಡು ಮರಿಗಳು ಬೆಳಗಿನ ಜಾವವೇ ಹೊರಬಂದು ತಾಯಿಯ ಬೆನ್ನೇರಿವೆ. ಭಾನುವಾರದ ತನಕ ಕಾದರೂ ನಡೆಯುತ್ತಿತ್ತು. ಆದರೆ ಕೆರೆಯ ನೀರು ಬಿಡುವ ನೀರುಗಂಟಿ, ತೂಬಿನ ಕಡೆ ಹೊರಟವನು, ಅತ್ತೆಯನ್ನು ನೋಡಿ ಕೈಮುಗಿದು, 'ಈ ರೋಜೇ ತೂಮು ತೀಸ್ತಾಮಮ್ಮಾ' ಎಂದ. ಇವತ್ತೇ ತೂಬು ತೆಗೆಯುತ್ತಾರೆ, ಕೆಳಗಿನ ಗದ್ದೆಗಳಿಗೆ ನೀರು. ತೂಬು ತೆಗೆದರೆ ಜೊಂಡಿನ ಕಡೆಯ ತೆಳು ನೀರು ಎರಡು ದಿನದಲ್ಲಿ ಕೆಸರು. ಗೂಡು ನೆಲ ಕಚ್ಚುತ್ತದೆ, ಹಕ್ಕಿ ಮರಿಗಳನ್ನು ಹೊತ್ತು ಕೆರೆಯ ನಡುವಿಗೆ ಹೋಗುತ್ತದೆ. ಅಲ್ಲಿಗೆ ನನ್ನ ಡಬ್ಬದ ಕಣ್ಣು ಮುಟ್ಟುವುದಿಲ್ಲ.

ಅತ್ತೆ ಅವನೊಂದಿಗೆ ತೆಲುಗಿನಲ್ಲೇ ವಾದ ಹೂಡಿ, ಒಂದೇ ಒಂದು ಗಂಟೆ ತಡೆಯಲು ಒಪ್ಪಿಸಿದರಂತೆ. ಆಮೇಲೆ ಮನೆಗೆ ಬಂದು, ಗೂಟಕ್ಕೆ ನೇತುಹಾಕಿದ್ದ ಕ್ಯಾಮೆರಾವನ್ನು ಚೀಲದ ಸಮೇತ ಎತ್ತಿಕೊಂಡು, ತೊಗಲಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಬೀದಿಯಲ್ಲಿ ನಡೆದು ಹೋದರು. ಮಡಿಯಲ್ಲಿ, ಪ್ರದಕ್ಷಿಣೆ ಹಾಕಿ ಬಂದ ಮೈಯಲ್ಲಿ, ಸತ್ತ ದನದ ತೊಗಲು. ನಮ್ಮ ಬೀದಿಯವರು ಜಗಲಿಗೆ ಬಂದು ನೋಡಿದರಂತೆ. ನನಗೆ ಆ ದೃಶ್ಯ ನೋಡಲು ಸಿಗಲಿಲ್ಲ ಎನ್ನುವ ಹೊಟ್ಟೆಯುರಿ ಇನ್ನೂ ಹೋಗಿಲ್ಲ.

ಮಧ್ಯಾಹ್ನ ಊಟಕ್ಕೆ ನಾನು ಬಂದಾಗ ಅತ್ತೆ ಒದ್ದೆ ಕೂದಲು ಬಿಚ್ಚಿಕೊಂಡು ಹಿತ್ತಿಲಿನಲ್ಲಿ ಕೂತಿದ್ದರು.

'ಇದೇನತ್ತೆ, ಈ ಹೊತ್ತಲ್ಲಿ ತಲೆಗೆ ನೀರು?'

'ತೊಗಲು ಮುಟ್ಟಿದೆ ಕಣೇ. ನಿನ್ನ ರೋಲೂ ಮುಗಿಸಿಬಿಟ್ಟೆ. ಬೈಬೇಡ.'

ನಾನು ಕ್ಯಾಮೆರಾದಿಂದ ರೋಲು ಬಿಚ್ಚಿ ಉಗ್ರಾಣದಲ್ಲಿ ಜೋಪಾನವಾಗಿಟ್ಟೆ. ಆ ಭಾನುವಾರ ಫಿಲ್ಮು ತೊಳೆದೆವು. ಹೊಸಿಲಿನ ಆಚೆ ಅತ್ತೆ ಒಂದೊಂದು ಅಕ್ಷರವನ್ನೂ ನಿಲ್ಲಿಸಿ ನಿಲ್ಲಿಸಿ ಹೇಳಿದರು. ಹೊರಗೆ ತಂದು ನೋಡಿದರೆ ಹನ್ನೆರಡರಲ್ಲಿ ಐದು ಬರೀ ಆಕಾಶ, ಮೂರರಲ್ಲಿ ಅವರದೇ ಸೆರಗು, ಮೂರರಲ್ಲಿ ಜೊಂಡು. ಉಳಿದ ಒಂದರಲ್ಲಿ ಗುಳುಮುಳುಕ ನಡುಮಧ್ಯೆ ಕೂತಿದೆ. ಬೆನ್ನಿನ ಗರಿಗಳ ಸಂದಿಯಿಂದ ಎರಡು ಪಟ್ಟೆಪಟ್ಟೆ ತಲೆ. ಗಂಡು ಹಕ್ಕಿ ಪಕ್ಕದಲ್ಲಿ ಕತ್ತು ಚಾಚಿ ಒಂದು ಮರಿಯ ಬಾಯಿಗೆ ಸಾಸಿವೆ ಕಾಳಿನಷ್ಟು ಏನನ್ನೋ ಇಡುತ್ತಿದೆ. ಮರಿಯ ಕೊಕ್ಕಿನ ತುದಿಯೂ ಸ್ಪಷ್ಟ. ನಾನು ಹನ್ನೆರಡು ರೋಲು ಸುರಿದಿದ್ದರೂ ಸಿಗದಿದ್ದ ಚಿತ್ರ ಅದು. ಸಂತೋಷಕ್ಕಿಂತ ಮೊದಲು ನನಗಾದದ್ದು ಹೊಟ್ಟೆಕಿಚ್ಚು. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಏನು ಪ್ರಯೋಜನ?

'ನಿನ್ನ ಹೆಸರಲ್ಲೇ ಕಳಿಸು' ಎಂದರು ಅತ್ತೆ. 'ಡಬ್ಬ ನಿಂದು, ತೊಳೆದವಳು ನೀನು. ನಾನು ಬರೀ ಒತ್ತಿದೆ. ಹೋದ ಸಲದ್ದು ನಾನು ಹಾಳುಮಾಡಿದ್ದಕ್ಕೆ ಇದು ಸರಿಹೋಯ್ತು.'

ಹೌದಲ್ಲ, ಸರಿಯಾಗೇ ಹೇಳುತ್ತಿದ್ದಾರೆ ಎಂದು ನನ್ನನ್ನು ನಾನು ಒಪ್ಪಿಸಿಕೊಳ್ಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅರ್ಜಿಯ ಮೇಲೆ ನನ್ನ ಹೆಸರು ಬರೆದೆ. ಅಕ್ಷರ ಮುತ್ತಿನ ಹಾಗಿತ್ತು.

ಪ್ರದರ್ಶನದ ದಿನ ಮೂವರೂ ಕೋಲಾರಕ್ಕೆ ಹೋದೆವು. ಹಾಲು ತುಂಬ ಜನ. ಎದುರುಗೋಡೆಯ ನಡುಮಧ್ಯೆ ಗುಳುಮುಳುಕ, ಕೆಳಗೆ ನನ್ನ ಹೆಸರು, ಅದರ ಮೇಲೊಂದು ಕೆಂಪು ರಿಬ್ಬನ್ನು. ಮೊದಲ ಬಹುಮಾನ. ಅತ್ತೆ ಹಿಂದಿನ ಸಾಲಿನ ಮಡಚುವ ಕುರ್ಚಿಯಲ್ಲಿ ಕೂತು, ಯಾರದೋ ಮದುವೆಗೆ ಬಂದವರ ಹಾಗೆ ಸುಮ್ಮನೆ ನೋಡುತ್ತಿದ್ದರು. ನನ್ನನ್ನು ವೇದಿಕೆಗೆ ಕರೆದರು. ಹೋದ ವರ್ಷದ ಅದೇ ಸರ್ವೆ ಅಧಿಕಾರಿ ಮೈಕಿನ ಮುಂದೆ ನಿಂತಿದ್ದರು. ಅವರ ಬಾಯಿಂದ ನನ್ನ ಹೆಸರು ಬಂತು. ಒಂದು ವರ್ಷ ನಾನು ಕಾದದ್ದು ಇದಕ್ಕೇ.

ಅವರು ಅಲ್ಲಿಗೇ ನಿಲ್ಲಿಸಿದ್ದರೆ ನಾನು ಬಹುಮಾನ ತೆಗೆದುಕೊಂಡು ಇಳಿದು ಬಂದುಬಿಡುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. 'ಹೋದ ವರ್ಷ ಈ ತಾಯಿಯ ಮಾತನ್ನ ನಾನು ನಂಬಲಿಲ್ಲ. ಹೆಂಗಸರು ಇಂಥ ಫೋಟೋ ತೆಗೀತಾರೆ ಅಂತ ನನ್ನ ತಲೆಗೆ ಹೊಳೀಲಿಲ್ಲ. ಬೇರೆಯವರದ್ದನ್ನ ತಮ್ಮದು ಅಂತಾರೆ ಅಂದುಕೊಂಡೆ. ಈ ಫೋಟೋ ನೋಡಿದ ಮೇಲೆ ನನ್ನ ತಪ್ಪು ಗೊತ್ತಾಯ್ತು. ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ' ಎಂದರು. ಅಷ್ಟು ವಯಸ್ಸಾದವರು.

ಹಾಲಿನಲ್ಲಿ ಚಪ್ಪಾಳೆ. ನನಗೆ ಕಿವಿಯ ತುದಿಯ ತನಕ ಬಿಸಿ ಏರಿತು. ನಾನು ಮೈಕಿನ ಹತ್ತಿರ ಹೋಗಿ, 'ಸಾರ್, ಹೋದ ವರ್ಷದ್ದು ನಾನು ತೆಗೆದಿದ್ದೆ. ಇದು ನಾನು ತೆಗೆದಿದ್ದಲ್ಲ' ಎಂದೆ.

ಚಪ್ಪಾಳೆ ನಿಂತಿತು. ಅವರು ಗೊಂದಲದಿಂದ ಮುಂದಿನ ಸಾಲಿನಲ್ಲಿದ್ದ ನನ್ನ ಗಂಡನ ಕಡೆ ನೋಡಿದರು. ನನ್ನ ಗಂಡ ಗಾಬರಿಯಾಗಿ, 'ಅಯ್ಯೋ, ನಾನಲ್ಲ ಸ್ವಾಮಿ' ಎಂದು ಎರಡೂ ಕೈ ಆಡಿಸಿದರು. ನಾಲ್ಕು ಜನ ನಕ್ಕರು.

'ನಮ್ಮತ್ತೆ ತೆಗೆದದ್ದು' ಎಂದು ಹಿಂದಿನ ಸಾಲಿಗೆ ಕೈ ತೋರಿಸಿದೆ. ಇಡೀ ಹಾಲು ತಿರುಗಿತು. ಅತ್ತೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, 'ಇವಳಿಗೆ ಬುದ್ಧಿ ಇಲ್ಲ' ಎಂದು ಪಕ್ಕದವರಿಗೆ ಹೇಳಿದ್ದು ವೇದಿಕೆಗೂ ಕೇಳಿಸಿತು.

ನನ್ನ ಹೆಸರಿದ್ದ ರಟ್ಟನ್ನು ನಾನೇ ಹೋಗಿ ಗೋಡೆಯಿಂದ ಕಿತ್ತೆ. ಹಾಗೆ ಕಿತ್ತಾಗ ನನಗೆ ದುಃಖವಾಗಲಿಲ್ಲ. ನಿಜ ಹೇಳಬೇಕೆಂದರೆ ಅತ್ತೆಯ ಬಗ್ಗೆ ಅವತ್ತು ಆದಷ್ಟು ಹೆಮ್ಮೆ ನನಗೆ ನನ್ನ ಬಗ್ಗೆಯೂ ಯಾವತ್ತೂ ಆಗಿರಲಿಲ್ಲ. ಸರ್ವೆ ಅಧಿಕಾರಿಯವರು ಹೊಸ ರಟ್ಟು, ಪೆನ್ನು ತಂದು ಕೊಟ್ಟು, 'ಏನಂತ ಬರೆಯೋದಮ್ಮ? ತಾಯಿಯವರ ಹೆಸರೇನು?' ಎಂದು ಕೇಳಿದರು. ರೇಷನ್ ಕಾರ್ಡಿನಲ್ಲಿದ್ದ ಹೆಸರು ನನಗೆ ಗೊತ್ತಿತ್ತು. ಬರೆಯಲು ಹೊರಟೆ. ಅಷ್ಟರಲ್ಲಿ ಹತ್ತಿರ ಬಂದಿದ್ದ ಅತ್ತೆ, 'ಅದಲ್ಲ' ಎಂದು ಮೆಲ್ಲಗೆ ಇನ್ನೊಂದು ಹೆಸರು ಹೇಳಿದರು.

'ಅದು ಯಾರ ಹೆಸರತ್ತೆ?'

'ನಂದೇ ಕಣೇ. ನಮ್ಮಮ್ಮ ಇಟ್ಟಿದ್ದು.'

ಮದುವೆಯಲ್ಲಿ ಅಕ್ಕಿಯ ತಟ್ಟೆಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದು, ಹುಟ್ಟಿದ ಹೆಸರನ್ನು ಅಲ್ಲಿಗೇ ಬಿಡಿಸುವ ಪದ್ಧತಿ ಆ ಮನೆತನದ್ದು. ನನ್ನ ಹೆಸರು ಶಾಲೆಯ ಸರ್ಟಿಫಿಕೇಟಿನಲ್ಲಿ ಇದ್ದದ್ದರಿಂದ ಉಳಿದುಕೊಂಡಿತ್ತು. ಹನ್ನೆರಡು ವರ್ಷಕ್ಕೆ ಮದುವೆಯಾದ ಅತ್ತೆಗೆ ಸರ್ಟಿಫಿಕೇಟೂ ಇರಲಿಲ್ಲ, ಆ ಹೆಸರಿಗೆ ಸಾಕ್ಷಿಯೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಗಂಡನ ಮುಖ ನೋಡಿದೆ. ಹೆತ್ತ ಮಗನಿಗೇ ಅದು ಗೊತ್ತಿರಲಿಲ್ಲ.

ರಟ್ಟಿನ ಮೇಲೆ ಆ ಹೆಸರನ್ನು ದಪ್ಪಕ್ಷರದಲ್ಲಿ ಬರೆದೆ. ಸರ್ವೆ ಅಧಿಕಾರಿಯವರು ಅದನ್ನು ಹಿಡಿದುಕೊಂಡು ಮೈಕಿನ ಮುಂದೆ ಹೋಗಿ ಗಟ್ಟಿಯಾಗಿ ಕೂಗಿದರು. ಐವತ್ತು ವರ್ಷದಿಂದ ಯಾರೂ ಕರೆಯದಿದ್ದ ಹೆಸರು ಅದು. ಅತ್ತೆ ಸ್ವಲ್ಪವೂ ತಡಮಾಡದೆ, ಆಟದ ನಡುವೆ ತಾಯಿ ಕರೆದಾಗ ಓಗೊಡುವ ಹುಡುಗಿಯ ಹಾಗೆ, 'ಬಂದೆ' ಎಂದರು.